ಖಾಲಿ ಸಿರಿಂಜು

ರಾಮಗಿರಿಯಲ್ಲಿ ಕುರಿ ಸಾಕುವ ನಮ್ಮ ಮನೆಯಲ್ಲಿ ಹಾಲಿನ ಪಾತ್ರೆಯನ್ನು ಯಾರೂ ಪೂರ್ತಿ ಬರಿದು ಮಾಡುವಂತಿಲ್ಲ. ತಳದಲ್ಲಿ ಒಂದು ಗುಟುಕಾದರೂ ಉಳಿಯಬೇಕು, ಇಲ್ಲದಿದ್ದರೆ ಕುರಿಗಳಿಗೆ ಒಳ್ಳೆಯದಲ್ಲ ಎಂದು ಅತ್ತೆ ರೇಗುತ್ತಿದ್ದರು. 'ಖಾಲಿ' ಎಂಬ ಮಾತನ್ನೂ ಬಾಯಿಗೆ ತರುತ್ತಿರಲಿಲ್ಲ.

ನನ್ನ ಮಗಳು ತಿಂಗಳು ತುಂಬುವ ಮೊದಲೇ ಹುಟ್ಟಿದಳು. ಚಿತ್ರದುರ್ಗದ ಆಸ್ಪತ್ರೆಯಲ್ಲಿ ಮೂಗಿಗೆ ಹಾಕಿದ ಪೈಪಿನಿಂದ ನನ್ನ ಹಾಲು ಕೊಡುತ್ತಿದ್ದರು. ಮುಂದಿನ ಸಲ ಕೊಡುವ ಮೊದಲು ನರ್ಸ್ ಸಿರಿಂಜಿನಲ್ಲಿ ಎಳೆದು ನೋಡಿದರೆ, ಹಿಂದಿನ ಹಾಲು ಅರಗದೆ ಹಾಗೇ ವಾಪಸ್ ಬರುತ್ತಿತ್ತು. ಹಾಲನ್ನು ಮುಂದಕ್ಕೆ ತಳ್ಳಲು ಆ ಪುಟ್ಟ ಹೊಟ್ಟೆಗೆ ಇನ್ನೂ ಬರುತ್ತಿಲ್ಲ, ಅದಕ್ಕೊಂದು ಔಷಧಿ ಶುರು ಮಾಡುತ್ತೇವೆ ಎಂದರು ಡಾಕ್ಟರ್.

ಅತ್ತೆ ಸೆರಗಿನ ಗಂಟಿನಿಂದ ಬಜೆಬೇರು ತೆಗೆದರು. "ಮರಿಗಳಿಗೆ ಇದನ್ನೇ ತೇಯ್ದು ನೆಕ್ಕಸ್ತೀವಿ. ಒಂಚೂರು ಕೊಡಾಣ."

"ಅದು ಕುರಿಮರಿಯಲ್ಲ, ಅತ್ತೆ. ಡಾಕ್ಟರ್ ಹೇಳಿದ್ದು ಬಿಟ್ಟು ಬೇರೆ ಒಂದು ತೊಟ್ಟೂ ಒಳಗೆ ಹೋಗಂಗಿಲ್ಲ," ಎಂದು ಬೇರನ್ನು ಕಿತ್ತುಕೊಂಡೆ.

ಅತ್ತೆ ಮುಖ ತಿರುಗಿಸಿ ಹೊರಗೆ ಕುಳಿತರು. ಆದರೂ ಎದೆಹಾಲು ಹೆಚ್ಚಲೆಂದು ನನಗೆ ಸಬ್ಬಸಿಗೆ ಸೊಪ್ಪಿನ ಸಾರು ತಂದಿಡುವುದನ್ನು ಬಿಡಲಿಲ್ಲ. ನಾನೂ ಹಾಲು ಹಿಂಡುವುದನ್ನು ಬಿಡಲಿಲ್ಲ. ಇವತ್ತು ಅರಗದಿದ್ದರೆ ನಾಳೆ ಅರಗುತ್ತದೆ, ಅರಗಲೇಬೇಕು.

ಔಷಧಿ ಶುರುವಾದ ಮೇಲೆ ವಾಪಸ್ ಬರುವ ಹಾಲು ಕಡಿಮೆಯಾಗುತ್ತ ಬಂತು. ಒಂದು ಬೆಳಿಗ್ಗೆ ನರ್ಸ್ ಎಳೆದರೆ ಸಿರಿಂಜಿಗೆ ಏನೂ ಬರಲಿಲ್ಲ. ಗಾಜಿನಾಚೆ ನಿಂತಿದ್ದ ಅತ್ತೆಗೆ ಅವರು ಅದನ್ನು ಎತ್ತಿ ತೋರಿಸಿದರು. ಅತ್ತೆ ಮೊಬೈಲಿನಲ್ಲಿ ಮಾವನಿಗೆ ಕೂಗಿ ಹೇಳಿದ್ದು ಒಳಗಿದ್ದ ನನಗೂ ಕೇಳಿಸಿತು:

"ಖಾಲಿ ಐತೆ ಕಣ್ರಿ! ಒಂದು ತೊಟ್ಟೂ ಉಳಿಸಿಲ್ಲ ನಮ್ ಕೂಸು!"