ಕನ್ಯೆ ನೋಡಲು ಬಂದವರ ಇಂಗ್ಲಿಷ್ ಪರೀಕ್ಷೆ

ಗೆಳತಿಯರೇ, ಮಹಿಳಾ ಮಂಡಳದ ಹಲಗೆಗೆ ಇದನ್ನು ಸಿಟ್ಟಿನಲ್ಲೇ ಬರೆದು ಅಂಟಿಸುತ್ತಿದ್ದೇನೆ. ಇವತ್ತು ಇಳಕಲ್ಲಿನ ನಮ್ಮ ಓಣಿಯ ರೇಣುಕಾಳನ್ನು ನೋಡಲು ಬಾಗಲಕೋಟೆಯಿಂದ ಗಂಡಿನವರು ಬಂದಿದ್ದರು. ಹುಡುಗ ಬ್ಯಾಂಕಿನಲ್ಲಿ ಕ್ಲಾರ್ಕ್. ಇಂಗ್ಲಿಷ್ ಬರುವ ಹುಡುಗಿಯೇ ಬೇಕಂತೆ. ಅದಕ್ಕೇ ರೇಣುಕಾಳ ತಾಯಿ, ಶಾಲೆಯಲ್ಲಿ ಇಂಗ್ಲಿಷ್ ಬಾಯಾರಾದ ನನ್ನಿಂದ ಮಗಳಿಗೆ ಒಂದಿಷ್ಟು ಇಂಗ್ಲಿಷ್ ವಿಶೇಷಣಗಳನ್ನು ಹೇಳಿಕೊಡಿಸಿದ್ದರು.

ಹುಡುಗನ ಸೋದರಮಾವ ಚೂಡಾ ಮೆಲ್ಲುತ್ತ, "ನೀ ಎಂಥಾಕಿ ಅಂತ ಇಂಗ್ಲಿಷಿನ್ಯಾಗ ಹೇಳವಾ," ಎಂದರು.

"ಐ ಯಾಮ್ ಒಬೀಡಿಯಂಟ್. ಐ ಯಾಮ್ ಸಾಫ್ಟ್."

"ಮತ್ತ?"

ಗಂಡಿನವರು ನೋಡುವ ತನಕ ಕನ್ಯೆ ಉಣ್ಣಬಾರದೆಂದು ರೇಣುಕಾಳ ಅಜ್ಜಿ ಬೆಳಗಿನಿಂದ ಅವಳಿಗೆ ಏನೂ ಕೊಟ್ಟಿರಲಿಲ್ಲ. ಅವರು ಬಂದಾಗ ಮಧ್ಯಾಹ್ನ ದಾಟಿತ್ತು.

"ಐ ಯಾಮ್ ಹಂಗ್ರಿ," ಎಂದಳು ರೇಣುಕಾ.

ಎಲ್ಲರೂ ನಕ್ಕರು. "ಹಸಿವಿ ಅನ್ನೂದು ಒಂದು ಗುಣ ಏನವಾ? ಇದನ್ನೂ ಕಲಿಸ್ಯಾರೇನು ನಿಮ್ಮ ಬಾಯಾರು?" ಎಂದರು ಮಾವ.

ಪಕ್ಕದಲ್ಲೇ ಕೂತಿದ್ದ ನನಗೆ ತಡೆಯಲಾಗಲಿಲ್ಲ. "ಆಕಿ ಹೇಳಿದ್ದರಾಗ ಖರೆ ಅದೊಂದ ಐತ್ರಿ. ಉಳಿದದ್ದು ನಾ ಬಾಯಿಪಾಠ ಮಾಡಿಸಿದ್ದು. ಈಗ ನಿಮ್ಮ ಹುಡುಗನೂ ತಾ ಎಂಥಾಂವ ಅಂತ ಹೇಳ್ಲಿ."

"ಗಂಡಸ್ರನ್ನ ಯಾರರ ಹಿಂಗ ಕೇಳ್ತಾರೇನ್ರಿ!" ಎನ್ನುತ್ತ ಮಾವ ತಮ್ಮವರನ್ನೆಲ್ಲ ಎಬ್ಬಿಸಿಕೊಂಡು ಹೊರಟೇಬಿಟ್ಟರು.

ರೇಣುಕಾಳ ತಾಯಿ ಅತ್ತರು. ನಾನು ಸುಮ್ಮನಿರಬೇಕಿತ್ತೇ ಎಂದು ಈಗಲೂ ಕೇಳಿಕೊಳ್ಳುತ್ತಿದ್ದೇನೆ. ಸಿಟ್ಟು ಮಾತ್ರ ಇಳಿದಿಲ್ಲ. ರೇಣುಕಾ ನಮ್ಮ ಮನೆಗೆ ಬಂದು ಹೊಟ್ಟೆ ತುಂಬ ಉಂಡು ಹೋದಳು.

ಸಂಜೆ ಈ ಸಂಬಂಧ ತಂದಿದ್ದ ಮಧ್ಯಸ್ಥರು ನಮ್ಮ ಮನೆಗೆ ಬಂದು, "ಅಕ್ಕಾರ, ಇಂಗ್ಲಿಷ್ ಸ್ವಲ್ಪ ಕಮ್ಮಿ ಬರೋ ಕನ್ಯಾ ಇದ್ರ ಹೇಳ್ರಿ," ಎಂದರು. ಅಂಥವಳು ಯಾರಾದರೂ ಗೊತ್ತಿದ್ದರೆ ತಿಳಿಸಿ. ಗಂಡಿನವರು ಬರುವ ಮುಂಚೆ ನಾನೇ ಹೋಗಿ ಅವಳಿಗೆ ಊಟ ಹಾಕಿ ಬರುತ್ತೇನೆ.