ತಗಡಿನ ಹಿಂಬದಿಯ ಮನುಷ್ಯ

ನನ್ನ ಜೀವಮಾನದಲ್ಲಿ ಒಂದೇ ಒಂದು ಸಲ, ಒಂದು ಅಚ್ಚಿನ ಚಿತ್ರದಲ್ಲಿ, ನನಗೆ ಸರಿಯಾದ ಕಪ್ಪು ಸಿಕ್ಕಿದೆ. ಆ ಚಿತ್ರವನ್ನು ಗೋಡೆಗೆ ತೂಗುಹಾಕುವ ಧೈರ್ಯ ಇವತ್ತಿಗೂ ಇಲ್ಲ. ಅದನ್ನೂ ಅದರ ತಗಡನ್ನೂ ಹಳೆಯ ಸೀರೆಯಲ್ಲಿ ಸುತ್ತಿ ಮಂಚದ ಕೆಳಗಿನ ಟ್ರಂಕಿನಲ್ಲಿಟ್ಟಿದ್ದೇನೆ.

ಎಂಬತ್ತರ ದಶಕದ ಮೊದಲ ವರ್ಷಗಳು. ಪೀಣ್ಯದ ಒಂದು ಕಾರ್ಖಾನೆಯ ಡ್ರಾಯಿಂಗ್ ಆಫೀಸಿನಲ್ಲಿ ನಾನು ಟ್ರೇಸರ್. ವಾರವಿಡೀ ಬೇರೆಯವರು ಎಳೆದ ಗೆರೆಯ ಮೇಲೆ ಗೆರೆ ಎಳೆಯುವ ಕೆಲಸ. ಆ ಸಿಟ್ಟು ತೀರಿಸಿಕೊಳ್ಳಲೆಂದೇ ಭಾನುವಾರ ಬೆಳಿಗ್ಗೆ ಮೇಷ್ಟ್ರ ಶೆಡ್ಡಿಗೆ ಹೋಗುತ್ತಿದ್ದೆ. ಸತುವಿನ ತಗಡನ್ನು ಆಸಿಡ್ಡಿನಲ್ಲಿ ಕೊರೆದು, ಮಸಿ ತುಂಬಿ, ಕಾಗದಕ್ಕೆ ಅಚ್ಚು ಇಳಿಸುವುದನ್ನು ಅವರು ಅಲ್ಲಿ ನಾಲ್ಕೈದು ಜನರಿಗೆ ಕಲಿಸುತ್ತಿದ್ದರು. ಅದರಲ್ಲೂ ಗೆರೆಯೇ ಇಲ್ಲದೆ, ಬರೀ ನೆರಳಿನಲ್ಲಿ, ಕುಂಚದಿಂದ ಬಳಿದ ಹಾಗೆ ಕಾಣುವ ಚಿತ್ರ. ಗೆರೆ ಇಲ್ಲ ಎಂದದ್ದೇ ತಡ, ನಾನು ಅದಕ್ಕೆ ಮನಸೋತೆ.

ರಾಳದ ಪುಡಿಯನ್ನು ತೆಳುಬಟ್ಟೆಯಲ್ಲಿ ಕಟ್ಟಿ ತಗಡಿನ ಮೇಲೆ ಉದುರಿಸಬೇಕು. ಕೆಳಗಿನಿಂದ ಸ್ಟೌವಿನ ಬಿಸಿ ತೋರಿಸಿದರೆ ಆ ಕಾಳುಗಳು ಕರಗಿ ಅಂಟಿಕೊಳ್ಳುತ್ತವೆ. ಆಮೇಲೆ ಆಸಿಡ್ಡಿಗೆ ಇಳಿಸಿದರೆ ಅದು ಕಾಳುಗಳ ನಡುವಿನ ಸಂದನ್ನಷ್ಟೇ ತಿನ್ನುತ್ತದೆ. ಸ್ವಲ್ಪ ಹೊತ್ತಿಗೆ ಬೂದು, ಇನ್ನಷ್ಟು ಬಿಟ್ಟರೆ ಮೋಡದ ಬಣ್ಣ, ಬಹಳ ಹೊತ್ತು ಬಿಟ್ಟರೆ ಕಪ್ಪು. ಬೆಳ್ಳಗೆ ಉಳಿಯಬೇಕಾದ ಕಡೆಗೆ ಮೊದಲೇ ವಾರ್ನಿಷ್ ಬಳಿದು ಮುಚ್ಚಬೇಕು. "ಕಪ್ಪು ಅಂದ್ರೆ ತಾಳ್ಮೆ ಕಣಮ್ಮ," ಎನ್ನುತ್ತಿದ್ದರು ಮೇಷ್ಟ್ರು. ನನಗೆ ಇಲ್ಲದಿದ್ದದ್ದು ಅದೊಂದೇ.

ಹೊಸ ತಗಡು ದುಬಾರಿ. ಮುದ್ರಣಾಲಯಗಳು ಎಸೆದ ಹಳೆಯ ಫೋಟೋ ಬ್ಲಾಕುಗಳನ್ನು, ಅಂದರೆ ಒಂದು ಬದಿಗೆ ಫೋಟೋವನ್ನು ಚುಕ್ಕಿಚುಕ್ಕಿಯಾಗಿ ಕೊರೆದ ಸತುವಿನ ತಗಡುಗಳನ್ನು, ಮೇಷ್ಟ್ರು ಗುಜರಿಯಿಂದ ತರುತ್ತಿದ್ದರು. ಮದುವೆಯ ಜೋಡಿಗಳು, ಚುನಾವಣೆಗೆ ನಿಂತವರು, ಎಲ್ಲರಿಗಿಂತ ಹೆಚ್ಚಾಗಿ ಸತ್ತವರು. ತಿಥಿಯ ಕಾರ್ಡಿಗೆಂದು ಮಾಡಿಸಿದ ಮುಖಗಳು. ಅವುಗಳ ನುಣುಪಾದ ಬೆನ್ನೇ ನಮ್ಮ ತಗಡು. ಮೇಷ್ಟ್ರದು ಒಂದು ಕಟ್ಟಳೆ: ಬೆನ್ನು ಮುಟ್ಟುವ ಮೊದಲು ಮುಖಕ್ಕೆ ಮಸಿ ಹಚ್ಚಿ ಒಂದು ಪ್ರತಿ ತೆಗೆದು ಫೈಲಿನಲ್ಲಿಡಬೇಕು. ಆಮೇಲೆ ಆ ಮುಖಕ್ಕೆ ಆಸಿಡ್ಡು ತಾಗದಂತೆ ಎರಡು ಸಲ ವಾರ್ನಿಷ್ ಬಳಿಯಬೇಕು. "ಯಾರಾದ್ರೂ ಹುಡುಕ್ಕೊಂಡ್ ಬಂದ್ರೆ?" ಎನ್ನುತ್ತಿದ್ದರು. ನಾವು ಮುಸಿಮುಸಿ ನಗುತ್ತಿದ್ದೆವು. ಅಷ್ಟು ವರ್ಷಗಳಲ್ಲಿ ಒಂದು ನರಪಿಳ್ಳೆಯೂ ಬಂದಿರಲಿಲ್ಲ.

ಕಪ್ಪು ಸಿಕ್ಕ ಆ ಭಾನುವಾರ ನನಗೆ ಆತುರ. ಮಧ್ಯಾಹ್ನ ಹುಡುಗನ ಕಡೆಯವರು ನನ್ನನ್ನು ನೋಡಲು ಬರುವವರಿದ್ದರು. (ಅವರು ಒಪ್ಪಲಿಲ್ಲ, ಆ ಮಾತು ಬೇರೆ.) ಬ್ಲಾಕಿನ ಮುಖವನ್ನು ಒಮ್ಮೆ ನೋಡಿದೆ: ಕತ್ತಿನವರೆಗೆ ಗುಂಡಿ ಹಾಕಿಕೊಂಡ ಒಬ್ಬ ಗಂಡಸು. ಪ್ರತಿ ತೆಗೆಯಲಿಲ್ಲ, ವಾರ್ನಿಷ್ಷೂ ಬಳಿಯಲಿಲ್ಲ. ಬೆನ್ನ ಮೇಲೆ ನಾನು ಬಿಡಿಸಿದ್ದು ಕರೆಂಟು ಹೋದ ಸಂಜೆಯ ಪೀಣ್ಯ: ಶೆಡ್ಡುಗಳ ಸಾಲು, ಬೆಳಕಿದ್ದ ಒಂದೇ ಕಿಟಕಿ. ಉಳಿಸಿಕೊಂಡ ಹೊತ್ತನ್ನೆಲ್ಲ ಆಸಿಡ್ಡಿಗೆ ಕೊಟ್ಟೆ. ಕಪ್ಪು ಬಂತು. ಮೇಷ್ಟ್ರು ಅಚ್ಚನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿ, "ಬಂದ್ಬಿಡ್ತು ನೋಡು," ಎಂದರು. ನಾನು ಉಬ್ಬಿಹೋದೆ. ತಗಡನ್ನು ತಿರುಗಿಸಿದರೆ ಹಿಂದಿನ ಗಂಡಸನ್ನು ಆಸಿಡ್ಡು ತಿಂದುಹಾಕಿತ್ತು. ಹೋದರೆ ಹೋದ ಎಂದುಕೊಂಡೆ.

ಒಂದೆರಡು ತಿಂಗಳು ಕಳೆದಿರಬಹುದು. ಚಿಕ್ಕಬಾಣಾವರದ ಒಬ್ಬ ಹೆಂಗಸು ಏಳೆಂಟು ವರ್ಷದ ಮಗಳ ಕೈ ಹಿಡಿದು ಶೆಡ್ಡಿಗೆ ಬಂದಳು. ಗುಜರಿಯವನು ದಾರಿ ತೋರಿಸಿದ್ದನಂತೆ. ಗಂಡ ಕಾಮಾಲೆಯಿಂದ ತೀರಿಕೊಂಡಾಗ ಈ ಮಗಳಿನ್ನೂ ಹೊಟ್ಟೆಯಲ್ಲಿದ್ದಳು. ಇದ್ದ ಒಂದೇ ಫೋಟೋವನ್ನು ತಿಥಿಯ ಕಾರ್ಡಿಗೆಂದು ಮುದ್ರಣಾಲಯಕ್ಕೆ ಕೊಟ್ಟದ್ದು ವಾಪಸು ಬರಲಿಲ್ಲ; ಅದರ ಬ್ಲಾಕಾದರೂ ಸಿಕ್ಕೀತೇ ಎಂದು ಬಂದಿದ್ದಳು.

"ಕಾರ್ಡು ನೆಂಟರ ಮನೇಲಿ ಇರಲ್ವೇನಮ್ಮ?" ಮೇಷ್ಟ್ರು ಕೇಳಿದರು.

"ಸಾವಿನ್ ಕಾಗ್ದ ಯಾರ್ ಸೋಮಿ ಮನೇಲಿ ಮಡಿಕ್ಕೊಂತಾರೆ? ಓದಿ ಅರ್ದಾಕ್ಬುಟ್ರು. ಈ ಮಗೀಗೆ ಅವ್ರಪ್ಪನ್ ಮಕನೇ ಗೊತ್ತಿಲ್ಲ. ಎಂಗಿದ್ರು, ಎಂಗಿದ್ರು ಅಂತ ದಿನಾ ಪ್ರಾಣ ತಿಂತದೆ."

ಮೇಷ್ಟ್ರು ಹೆಮ್ಮೆಯಿಂದಲೇ ಫೈಲು ತಂದರು. ಅವರ ಕಟ್ಟಳೆಗೆ ಕೊನೆಗೂ ಒಬ್ಬರು ಬಂದಿದ್ದರು. ಅವಳು ನೆಲದ ಮೇಲೆ ಕೂತು ಒಂದೊಂದೇ ಹಾಳೆ ತಿರುವಿದಳು. ಕೊನೆಯದೂ ಮುಗಿಯಿತು. "ಕತ್ತಿನ್ ಗಂಟ ಗುಂಡಿ ಆಕ್ಕೊಂಡಿದ್ರು," ಎಂದಳು ತನ್ನಷ್ಟಕ್ಕೆ.

"ಯಾರಾದ್ರೂ ಪ್ರತಿ ತೆಗೀದೆ ಬ್ಲಾಕ್ ತಗೊಂಡಿದ್ದೀರಾ?" ಮೇಷ್ಟ್ರು ನಮ್ಮನ್ನು ಕೇಳಿದರು. ಎಲ್ಲರೂ ಇಲ್ಲವೆಂದು ತಲೆಯಾಡಿಸಿದರು. ನಾನೂ ಆಡಿಸಿದೆ. ಆ ಹುಡುಗಿ ನನ್ನನ್ನೇ ನೋಡುತ್ತಿತ್ತು.

"ಇನ್ನೊಂದ್ಸಲ ಹುಡುಕ್ತೀವಿ, ಮುಂದಿನ್ ಭಾನುವಾರ ಬನ್ನಿ," ಎಂದದ್ದು ನಾನೇ. ಗಂಡ ನೋಡಲು ಹೇಗಿದ್ದರು ಎಂದು ಕೇಳಿದ್ದೂ ನಾನೇ. ಕೂಡಿಕೊಂಡ ಹುಬ್ಬು, ಮೊಂಡು ಮೂಗು, ತೆಳು ಮೀಸೆ ಎಂದಳು.

ಮರುದಿನ ಡ್ಯೂಟಿ ಮುಗಿಸಿ ನೇರ ಶೆಡ್ಡಿಗೆ ಹೋದೆ. ಕೆಟ್ಟುಹೋದ ಆ ಮುಖಕ್ಕೆ ಮಸಿ ಹಚ್ಚಿ, ಕಾಗದವಿಟ್ಟು ಚಮಚದಿಂದ ಉಜ್ಜಿದೆ. ಒಂದು ಕಿವಿ ಮೂಡಿತು, ಅದರ ಕೆಳಗೆ ಕಾಲರಿನ ತುಂಡು. ನನ್ನ ಚಿತ್ರದ ಬದಿಗೆ ಬಳಿದ ವಾರ್ನಿಷ್ ಅಂಚಿನಿಂದ ಸೋರಿ ಅಷ್ಟನ್ನು ಮಾತ್ರ ಕಾಪಾಡಿತ್ತು. ಮುಖ ಇರಬೇಕಾದ ಕಡೆ ಏನೂ ಇರಲಿಲ್ಲ.

ಇನ್ನೊಂದು ಬ್ಲಾಕು ತೆಗೆದುಕೊಂಡೆ. ಈ ಸಲ ಪ್ರತಿ ತೆಗೆದೆ, ವಾರ್ನಿಷ್ಷನ್ನು ಎರಡಲ್ಲ ಮೂರು ಸಲ ಬಳಿದೆ. ಬೆನ್ನಿಗೆ ರಾಳ ಉದುರಿಸಿ, ಪೂರ್ತಿ ಕಪ್ಪಾಗುವಷ್ಟು ಆಸಿಡ್ಡಿನಲ್ಲಿ ಬಿಟ್ಟೆ. ಹಾಗೆ ಕಪ್ಪಾದ ತಗಡನ್ನು ಎಲ್ಲಿ ಹೆರೆದು ನುಣುಪು ಮಾಡುತ್ತೇವೋ ಅಲ್ಲಿ ಬೆಳಕು ಬರುತ್ತದೆ. ಕತ್ತಲಿನಿಂದ ಮುಖವನ್ನು ಈಚೆಗೆಳೆಯುವ ಈ ಕೆಲಸ ಆಗಷ್ಟೇ ಕಲಿತದ್ದು. ಕಿವಿಯನ್ನು ಚುಕ್ಕಿ ಚುಕ್ಕಿಯಾಗಿ ನಕಲು ಮಾಡಿದೆ. ನಾನು ಬೈದುಕೊಳ್ಳುತ್ತಿದ್ದ ಟ್ರೇಸರ್ ಕೆಲಸ ಅಲ್ಲಿ ಕೈಹಿಡಿಯಿತು. ಉಳಿದದ್ದು ಅವಳ ಮಾತಿನಿಂದ, ಆ ಹುಡುಗಿಯ ಮುಖದಿಂದ, ಏನೂ ತಿಳಿಯದ ಕಡೆ ನನ್ನ ಮನಸ್ಸಿಗೆ ಬಂದಂತೆ. ನಾಲ್ಕನೆಯ ಸಂಜೆ ಅವನು ಕಣ್ಣು ಬಿಟ್ಟ. ನನಗೆ ನಿಜವಾಗಿ ಹೆದರಿಕೆಯಾಯಿತು. ಅಂದಿನಿಂದ ಬಸ್ಸಿನ ಕಿಟಕಿಯಲ್ಲಿ, ಆಫೀಸಿನ ಗಾಜಿನಲ್ಲಿ ಅವನೇ. ಅವನ ಹಿಂದೆ ಯಾವಾಗಲೂ ಮುಖವಿಲ್ಲದ ಇನ್ನೊಬ್ಬ ನಿಂತಿರುತ್ತಿದ್ದ.

ಭಾನುವಾರ ಅವರಿಬ್ಬರೂ ಬಂದರು. "ಬ್ಲಾಕ್ ಸಿಕ್ತಮ್ಮ. ಸವೆದಿತ್ತು, ಅದಕ್ಕೇ ಸ್ವಲ್ಪ ಕಪ್ಪಾಗಿ ಬಂದಿದೆ," ಎಂದೆ. ಸುಳ್ಳು ಸಲೀಸಾಗಿ ಬಂತು. ಬ್ಲಾಕಿನ ಚುಕ್ಕಿಗೂ ರಾಳದ ಕಾಳಿಗೂ ಇರುವ ವ್ಯತ್ಯಾಸ ಮೇಷ್ಟ್ರಿಗೆ ತಿಳಿಯದೇ? ಒಮ್ಮೆ ನನ್ನ ಮುಖ ನೋಡಿ, ಕೈ ತೊಳೆಯಲು ಆಚೆ ಹೋದರು.

ಅವಳು ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದಳು. ತುಂಬ ಹೊತ್ತು ನೋಡಿದಳು. ಆಮೇಲೆ ಮಗಳನ್ನು ಹತ್ತಿರಕ್ಕೆ ಎಳೆದುಕೊಂಡು, "ನೋಡವ್ವ, ನಿಮ್ಮಪ್ಪ," ಎಂದಳು. ಹುಡುಗಿ ಅವನ ಹುಬ್ಬು ಮುಟ್ಟಿತು, ತನ್ನ ಹುಬ್ಬು ಮುಟ್ಟಿಕೊಂಡಿತು. ಗೆದ್ದೆ ಅನ್ನಿಸಿತು ನನಗೆ. ಹೇಳಲು ನಾಚಿಕೆಯಾಗುತ್ತದೆ, ಹಾಗೇ ಅನ್ನಿಸಿತು.

ಹುಡುಗಿ ಕಾಗದ ಸುತ್ತಿಕೊಂಡು ಗೇಟಿನತ್ತ ಓಡಿತು. ತಾಯಿ ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಳ್ಳುತ್ತ ನನ್ನ ಕಡೆ ತಿರುಗಿದಳು.

"ಕಿವಿ ಅವ್ರುದೇ ಕಣವ್ವ," ಎಂದಳು ಮೆಲ್ಲಗೆ. "ನಂಗೆ ಅಷ್ಟು ಸಾಕು. ಮಿಕ್ಕಿದ್ದು ಯಾರ್ದು ಅಂತ ಆ ಮಗೀಗೆ ಮಾತ್ರ ಏಳ್ಬೇಡ."

ಅವಳು ಹೊರಟುಹೋದಳು. ನಾನು ಹುಟ್ಟಿಸಿದ ಆ ಗಂಡಸಿಗೆ ಚಿಕ್ಕಬಾಣಾವರದ ಯಾವುದೋ ಮನೆಯಲ್ಲಿ ಇವತ್ತಿಗೂ ವರ್ಷಕ್ಕೊಮ್ಮೆ ಎಡೆ ಇಡುತ್ತಿರಬೇಕು. ನಾನು ಅಳಿಸಿಹಾಕಿದ ಇನ್ನೊಬ್ಬನಿಗೆ ಹೋಗಲು ಬೇರೆ ಜಾಗವಿಲ್ಲ. ಅವನು ನನ್ನ ಟ್ರಂಕಿನಲ್ಲೇ ಇದ್ದಾನೆ, ಆ ಕಪ್ಪಿನ ಹಿಂದೆ.