ತಲೆ ಕಡೆಗೆ ಎರಡೆರಡು ಇಟ್ಟಿಗೆ

ನಾನು ಡಿಗ್ರಿ ಮುಗಿಸುವುದು ಆಗದ ಮಾತು ಎಂದವರು ನನ್ನ ಸೋದರಮಾವ. ಚಿನ್ನದ ಗಣಿ ಮುಚ್ಚಿದ ಮೇಲೂ ಉರಿಗಾಂನಲ್ಲಿ ಗಣಿ ಕೆಲಸಗಾರರ ಲೈನ್ ಮನೆಯಲ್ಲೇ ಉಳಿದು, ಕೂಲಿ ಮಾಡಿಕೊಂಡಿದ್ದವರು.

"ನಮ್ ವಂಸದಾಗೆ ಅತ್ತನೇ ಕ್ಲಾಸು ದಾಟ್ದೋರು ಯಾರವ್ರೆ? ನರ್ಸು ಡಿಗ್ರಿಯಂತೆ! ಆ ಕಾಗ್ದ ತಂದು ನನ್ ಕೈಗೆ ಕೊಡು, ಆಗ ಒಪ್ಕೊಂತೀನಿ."

ನಾಲ್ಕು ವರ್ಷ ಬೇತಮಂಗಲದಿಂದ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ ಬಂದು ಓದಿದೆ. ಪಾಸಾದೆ. ಬಂಗಾರಪೇಟೆಯ ಒಂದು ಆಸ್ಪತ್ರೆಯ ಐಸಿಯುನಲ್ಲಿ ಕೆಲಸ ಸಿಕ್ಕಿತು. ಪದವಿ ಪತ್ರ ಇನ್ನೂ ಕೈಸೇರಿರಲಿಲ್ಲ. ಅದಕ್ಕಿಂತ ಮೊದಲು ಮಾವನೇ ಬಂದರು, ಸ್ಟ್ರೋಕ್ ಹೊಡೆದು, ಸ್ಟ್ರೆಚರಿನ ಮೇಲೆ.

ನುಂಗಲು ಆಗುತ್ತಿರಲಿಲ್ಲ. ಮೂಗಿನಿಂದ ಹೊಟ್ಟೆಗೆ ಟ್ಯೂಬು ಇಳಿಸಿದ್ದೆವು. ಪ್ರತಿ ಸಲ ಟ್ಯೂಬು ಜಾರಿಲ್ಲವೆಂದು ನೋಡಿಕೊಂಡು ಗಂಜಿಯನ್ನು ನಿಧಾನವಾಗಿ ಬಿಡಬೇಕು. ಮಂಚದ ತಲೆಭಾಗ ಎತ್ತಿಯೇ ಇರಬೇಕು. ಇಳಿಸಿದರೆ ಹೊಟ್ಟೆಯಲ್ಲಿದ್ದದ್ದು ಗಂಟಲಿಗೆ ಬಂದು ಶ್ವಾಸಕೋಶಕ್ಕೆ ಹೋಗುತ್ತದೆ. ಮಾವನದು ಮೊದಲೇ ಗಣಿಯ ದೂಳು ತಿಂದ ಎದೆ, ನ್ಯುಮೋನಿಯಾ ಬಂದರೆ ಉಳಿಯುತ್ತಿರಲಿಲ್ಲ. ಎತ್ತಿ ಮಲಗಿಸಿದವರು ಜಾರುತ್ತಲೇ ಇರುತ್ತಾರೆ, ನಾವು ಮೇಲಕ್ಕೆ ಎಳೆಯುತ್ತಲೇ ಇರಬೇಕು. ಸಂಜೆ ಹೊತ್ತಿಗೆ ನನ್ನ ಸೊಂಟ ನನ್ನದಾಗಿರುತ್ತಿರಲಿಲ್ಲ.

ಮೂರನೇ ದಿನ ಮಧ್ಯಾಹ್ನ ಗಂಜಿ ಬಿಟ್ಟು ಪಕ್ಕದ ಮಂಚಕ್ಕೆ ಹೋಗಿದ್ದೆ. ನೋಡಲು ಬಂದ ಅತ್ತೆ ಹ್ಯಾಂಡಲು ತಿರುಗಿಸಿ ಮಂಚವನ್ನು ಮಟ್ಟ ಮಾಡಿಬಿಟ್ಟಿದ್ದರು. ಕೆಮ್ಮಿನ ಸದ್ದಿಗೆ ತಿರುಗಿದರೆ ಮಾವನ ಬಾಯಂಚಿನಲ್ಲಿ ಗಂಜಿ. ಪಕ್ಕಕ್ಕೆ ಹೊರಳಿಸಿ, ಸಕ್ಷನ್ ಪೈಪು ಹಾಕಿ ಗಂಟಲಲ್ಲಿದ್ದದ್ದನ್ನು ಎಳೆದು, ಮಂಚದ ತಲೆಭಾಗ ಎತ್ತಿದೆ. ಡಾಕ್ಟರು ಎದೆ ನೋಡಿ, "ಜ್ವರ ಬರುತ್ತಾ ಅಂತ ಎರಡು ದಿನ ಕಾಯಬೇಕು" ಅಂದರು.

"ಯಾಕತ್ತೆ ಇಳಿಸಿದ್ರಿ?"

ಅತ್ತೆ ಅಳುತ್ತಿದ್ದರು. "ಎಣಾನ ಅಲ್ವೇನೇ ಗ್ವಾಡೆಗೆ ಒರಗ್ಸಿ ಕೂರ್ಸೋದು? ಬದ್ಕಿರೋ ಮನ್ಸನ್ನ ಅಂಗೆ ಕೂರ್ಸಿದ್ರೆ ನಾನೆಂಗೆ ನೋಡ್ಲಿ?"

ನಮ್ಮ ಕಡೆ ಸತ್ತವರನ್ನು ಜಗುಲಿಯ ಮೇಲೆ ಗೋಡೆಗೆ ಒರಗಿಸಿ ಕೂರಿಸುತ್ತಾರೆ. ಹುಟ್ಟಿದಾಗಿನಿಂದ ನೋಡಿದ್ದೇನೆ. ಆದರೂ ನನಗದು ಹೊಳೆದಿರಲಿಲ್ಲ. ಬೈಯಲು ಶಕ್ತಿಯೂ ಇರಲಿಲ್ಲ.

"ಕೂಸಿಗೆ ಹಾಲು ಕುಡಿಸಿದ ತಕ್ಷಣ ಮಲಗಿಸ್ತಿದ್ರಾ ಅತ್ತೆ?"

"ಅಂಗ್ಯಾರಾದ್ರೂ ಮಾಡ್ತಾರಾ? ಎಗಲ ಮೇಲೆ ಆಕ್ಕೊಂಡು ತೇಗೋ ಗಂಟ ಬೆನ್ನು ತಟ್ಬೇಕು."

"ಮಾವನೂ ಈಗ ಹಂಗೇ."

ಅತ್ತೆ ಮೂಗೊರೆಸಿಕೊಂಡರು. "ಮೀಸೆ ಇರೋ ಕೂಸು," ಅಂದರು.

ಆ ಎರಡು ದಿನ ಜ್ವರದ ಪಟ್ಟಿಯನ್ನು ಎಷ್ಟು ಸಲ ನೋಡಿದೆನೋ. ಜ್ವರ ಬರಲಿಲ್ಲ.

ಕೆಲವು ವಾರಗಳ ಮೇಲೆ ಟ್ಯೂಬಿನ ಜೊತೆಗೇ ಮಾವ ಮನೆಗೆ ಹೋದರು. ಮನೆಯ ಮಂಚಕ್ಕೆ ಹ್ಯಾಂಡಲು ಎಲ್ಲಿಯದು? ಅತ್ತೆ ತಲೆ ಕಡೆಯ ಕಾಲುಗಳಿಗೆ ಎರಡೆರಡು ಇಟ್ಟಿಗೆ ಕೊಟ್ಟು, ಬೆನ್ನಿಗೆ ಸುತ್ತಿದ ಹಾಸಿಗೆ ಇಟ್ಟಿದ್ದರು. ನೋಡಲು ಬಂದವರು "ಪಾಪ, ಮಲಗಿಸ್ಬಾರ್ದಾ" ಅಂದರೆ ಜಗಳಕ್ಕೇ ನಿಲ್ಲುತ್ತಿದ್ದರಂತೆ.

ಪದವಿ ಪತ್ರ ಬಂದ ದಿನ ಡ್ಯೂಟಿ ಮುಗಿಸಿ, ಬಟ್ಟೆಯನ್ನೂ ಬದಲಿಸದೆ ಉರಿಗಾಂಗೆ ಹೋದೆ. ಮಾವ ಒರಗಿಕೊಂಡು ಕೂತಿದ್ದರು. ಪತ್ರವನ್ನು ಅವರ ಆಡುವ ಕೈಗೆ ಕೊಟ್ಟೆ. ತಲೆಕೆಳಗಾಗಿ ಹಿಡಿದು ನೋಡಿದರು. ಸೊಟ್ಟಗಾದ ಬಾಯಿ ಅಲುಗತೊಡಗಿತು.

ಅಡುಗೆಮನೆಯಿಂದ ಅತ್ತೆ ಓಡಿ ಬಂದರು. "ಲೇ, ಈಗ್ತಾನೆ ಗಂಜಿ ಬಿಟ್ಟಿವ್ನಿ! ಅರ್ಧ ಗಂಟೆ ತಡ್ದು ಕೊಡ್ಬಾರ್ದೇನೇ? ಕುಸೀಲಿ ನಕ್ಬಿಟ್ರೆ ಎಲ್ಲಾ ಮ್ಯಾಕ್ ಬತ್ತದೆ."